ಕೊಲೆಸ್ಟರಾಲಿನ ತೇಜಿ-ಮಂದಿ

ಮದುವೆಯಿರಲಿ, ಪಂಚಕಲ್ಯಾಣ ಮಹೋತ್ಸವವಿರಲಿ, ಅರವತ್ತು ದಾಟಿದ ನಾಲ್ಕು ಜನ ಶ್ರಾವಕರು ಒಂದು ಕಡೆ ಕೂತರೆ ಮಾತು ತೊಗರಿ ದರದಿಂದ ಶುರುವಾಗಿ ಐದೇ ನಿಮಿಷದಲ್ಲಿ ರಕ್ತ ತಪಾಸಣೆಗೆ ಬಂದು ನಿಲ್ಲುತ್ತದೆ. ಒಬ್ಬರು "ನನ್ನದು 240 ಬಂದಿದೆ" ಎನ್ನುತ್ತಾರೆ. ಇನ್ನೊಬ್ಬರು "ಹೋದ ಸಲ 230 ಇತ್ತು, ಈ ಸಲ 195 ಆಗಿದೆ, ನಾನೇನೂ ಪಥ್ಯ ಮಾಡಿಲ್ಲ" ಎನ್ನುತ್ತಾರೆ. ಮೂರನೆಯವರದು ಬೇರೆಯೇ ದೂರು: "ಉಮರ್ಗಾದಲ್ಲಿ ಒಂದು ಅಂಕಿ, ಎಂಟು ದಿನ ಬಿಟ್ಟು ಸೋಲಾಪುರದಲ್ಲಿ ಇನ್ನೊಂದು ಅಂಕಿ. ಯಾವುದನ್ನು ಖರೆ ಅಂತ ನಂಬಬೇಕು?"

ವಾಚಕ ಬಂಧುಗಳೇ, ನಾನು ವೈದ್ಯನಲ್ಲ, ಮೆಟ್ರಿಕ್ ಮುಗಿಸಿ ಕಿರಾಣಿ ಮತ್ತು ಎಣ್ಣೆಯ ಅಂಗಡಿಯಲ್ಲಿ ಕೂತವನು. ಹೆದ್ದಾರಿ ಮೇಲಿನ ನಮ್ಮ ತುರೋರಿಯಲ್ಲಿ ಮನೆಯ ಮಾತು ಕನ್ನಡ, ಅಂಗಡಿಯ ಮಾತು ಮರಾಠಿ, ಆದರೆ ರಕ್ತದ ರಿಪೋರ್ಟು ಬರುವುದು ಇಂಗ್ಲಿಷಿನಲ್ಲಿ. ಅದನ್ನು ಮೊಮ್ಮಕ್ಕಳಿಂದ ಓದಿಸಿ, ದಪ್ಪ ಅಕ್ಷರದಲ್ಲಿ ಮುದ್ರಿಸಿದ ಒಂದೇ ಅಂಕಿಯನ್ನು ನೋಡಿ ಹೆದರುವವರು ಹೆದರುತ್ತಾರೆ, ಹಿಗ್ಗುವವರು ಹಿಗ್ಗುತ್ತಾರೆ. ಬಲ್ಲ ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ನಮ್ಮ ವ್ಯಾಪಾರಿ ಕುಟುಂಬಗಳಿಗೆ ತಿಳಿಯುವ ಮಾತಿನಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ಕೊಲೆಸ್ಟರಾಲ್ ಎಂಬುದು ಮೇಣದಂಥ ಒಂದು ವಸ್ತು. ಅದು ವಿಷವಲ್ಲ. ದೇಹದ ಪ್ರತಿಯೊಂದು ಜೀವಕೋಶದ ಗೋಡೆಗೆ ಅದು ಬೇಕು, ಪಿತ್ತರಸಕ್ಕೆ ಬೇಕು. ಅದರ ಬಹುಪಾಲನ್ನು ನಮ್ಮ ದೇಹವೇ, ಮುಖ್ಯವಾಗಿ ಯಕೃತ್ತು, ತಯಾರಿಸಿಕೊಳ್ಳುತ್ತದೆ. "ನಾವು ಮಾಂಸ, ಮೊಟ್ಟೆ ಮುಟ್ಟದವರು, ನಮಗೆಲ್ಲಿಂದ ಬಂತು ಕೊಲೆಸ್ಟರಾಲ್?" ಎಂದು ನಮ್ಮವರು ಆಶ್ಚರ್ಯಪಡುವುದಕ್ಕೆ ಉತ್ತರ ಇಲ್ಲಿದೆ. ಕಾರಖಾನೆ ಮೈಯೊಳಗೇ ಇದೆ. ತುಪ್ಪ, ಬೆಣ್ಣೆ, ಕೆನೆ, ವನಸ್ಪತಿಗಳಲ್ಲಿರುವ ಗಟ್ಟಿ ಕೊಬ್ಬು ಆ ಕಾರಖಾನೆಯ ಲೆಕ್ಕವನ್ನು ಏರುಪೇರು ಮಾಡುತ್ತದೆ.

ಕೊಬ್ಬು ನೀರಿನಲ್ಲಿ ಕರಗುವುದಿಲ್ಲ. ಆದ್ದರಿಂದ ರಕ್ತದಲ್ಲಿ ಅದು ಬಿಡಿಯಾಗಿ ಹೋಗದೆ ಗಾಡಿ ಏರಿ ಹೋಗುತ್ತದೆ. ಎಲ್‌ಡಿಎಲ್ ಎಂಬುದು ಮಾಲು ಹಂಚುವ ಗಾಡಿ. ಇದರ ಸಂಖ್ಯೆ ಹೆಚ್ಚಾದರೆ ರಕ್ತನಾಳದ ಗೋಡೆಯೊಳಗೆ ಮಾಲು ಇಳಿದು ಕೂಡುತ್ತದೆ. ಎಚ್‌ಡಿಎಲ್ ಎಂಬುದು ಮಿಕ್ಕ ಮಾಲನ್ನು ಯಕೃತ್ತಿಗೆ ವಾಪಸು ತರುವ ಗಾಡಿ. ಟ್ರೈಗ್ಲಿಸರೈಡ್ ಎಂಬುದು ಬೇರೆ ಜಾತಿಯ ಕೊಬ್ಬು. ಉಂಡ ಸಿಹಿ, ಮೈದಾ, ಅನ್ನಗಳಲ್ಲಿ ಖರ್ಚಾಗದೆ ಉಳಿದದ್ದು ಹೀಗೆ ಕೊಬ್ಬಾಗಿ ಸಂಗ್ರಹವಾಗುತ್ತದೆ. ಐಸಿಎಂಆರ್ ಸಂಸ್ಥೆಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯಲ್ಲಿ ನೂರಕ್ಕೆ 81 ಜನ ವಯಸ್ಕರಲ್ಲಿ ಈ ಕೊಬ್ಬುಗಳ ಪೈಕಿ ಯಾವುದಾದರೊಂದು ಏರುಪೇರಾಗಿತ್ತು. ಒಟ್ಟು ಕೊಲೆಸ್ಟರಾಲ್ ಹೆಚ್ಚಿದ್ದದ್ದು ಮಾತ್ರ 24 ಜನರಲ್ಲಿ. ನಮ್ಮ ದೇಶದವರಲ್ಲಿ ಒಳ್ಳೆಯದು ಎನಿಸಿದ ಎಚ್‌ಡಿಎಲ್ ಕಡಿಮೆ ಇರುವುದೇ ಹೆಚ್ಚು. ಆದ್ದರಿಂದ ಒಟ್ಟು ಅಂಕಿ 200ರ ಒಳಗಿದೆ ಎಂದು ರಿಪೋರ್ಟನ್ನು ಮಡಚಿ ಇಟ್ಟುಬಿಡುವಂತಿಲ್ಲ.

ಈಗ ತೇಜಿ-ಮಂದಿಯ ವಿಷಯ. ಒಂದೇ ಚೀಲವನ್ನು ಎರಡು ಕಾಟಾದ ಮೇಲೆ ತೂಗಿದರೆ ಅರ್ಧ ಕಿಲೋ ಫರಕು ಬರುವುದು ನಮಗೆಲ್ಲ ಗೊತ್ತು. ಪ್ರಯೋಗಶಾಲೆಯ ಯಂತ್ರಕ್ಕೂ ಅಂಥ ಸಣ್ಣ ಫರಕು ಇದ್ದೇ ಇರುತ್ತದೆ. ಅದಕ್ಕಿಂತ ಹೆಚ್ಚಿನ ಫರಕು ನಮ್ಮ ದೇಹದ್ದೇ. ಏನೂ ಬದಲಾಗದ ಮನುಷ್ಯನ ಕೊಲೆಸ್ಟರಾಲ್ ಸಹ ದಿನದಿಂದ ದಿನಕ್ಕೆ ನೂರಕ್ಕೆ ಐದಾರರಷ್ಟು ಹಿಂದೆ ಮುಂದೆ ಆಗುತ್ತದೆ. ಎರಡೂ ಕೂಡಿದರೆ, ನಿಜವಾಗಿ 200 ಇರುವವರಿಗೆ ಒಮ್ಮೆ 182, ಇನ್ನೊಮ್ಮೆ 218 ಬಂದರೆ ಅದರಲ್ಲಿ ಅಚ್ಚರಿಯಿಲ್ಲ. ಟ್ರೈಗ್ಲಿಸರೈಡ್ ಅಂತೂ ನೂರಕ್ಕೆ ಇಪ್ಪತ್ತರಷ್ಟು ಸುಲಭವಾಗಿ ಏರಿಳಿಯುತ್ತದೆ. ಹೀಗಿರುವಾಗ ಹತ್ತು ಅಂಕಿ ಇಳಿದರೆ ಪೇಢೆ ಹಂಚುವುದೂ ಬೇಡ, ಹತ್ತು ಏರಿದರೆ ಮನೆಯಲ್ಲಿ ತುಪ್ಪದ ಡಬ್ಬಿಗೆ ಬೀಗ ಹಾಕುವುದೂ ಬೇಡ. ಕೆಲವು ವಾರ ಬಿಟ್ಟು ಅದೇ ಪ್ರಯೋಗಶಾಲೆಯಲ್ಲಿ ಮತ್ತೊಮ್ಮೆ ಮಾಡಿಸಿ, ಎರಡರ ಸರಾಸರಿ ನೋಡುವುದು ಲೇಸು.

ರಕ್ತ ಕೊಡುವ ರೀತಿಯಿಂದಲೂ ಅಂಕಿ ಬದಲಾಗುತ್ತದೆ ಎಂದರೆ ನಿಮಗೆ ವಿಚಿತ್ರ ಎನಿಸಬಹುದು. ಬಹಳ ಹೊತ್ತು ನಿಂತಿದ್ದವರ ರಕ್ತದಲ್ಲಿ ನೀರಿನ ಅಂಶ ಸ್ವಲ್ಪ ಕಾಲುಗಳ ಕಡೆಗೆ ಜರಿದು ರಕ್ತ ಗಟ್ಟಿಯಾಗುತ್ತದೆ, ಮಲಗಿದವರದು ತೆಳುವಾಗುತ್ತದೆ. ಇವೆರಡರ ನಡುವೆ ಕೊಲೆಸ್ಟರಾಲ್ ಅಂಕಿಯಲ್ಲಿ ನೂರಕ್ಕೆ ಹತ್ತರವರೆಗೂ ಅಂತರ ಬೀಳಬಹುದು. ಬಸ್ ಸ್ಟ್ಯಾಂಡಿನಿಂದ ಬಿರಬಿರನೆ ನಡೆದು ಹೋಗಿ ತಕ್ಷಣ ತೋಳು ಚಾಚದೆ, ಹದಿನೈದು ನಿಮಿಷ ಸುಮ್ಮನೆ ಕೂತು ಆಮೇಲೆ ರಕ್ತ ಕೊಡಿ. ತೋಳಿಗೆ ಪಟ್ಟಿ ಬಿಗಿದು ರಕ್ತನಾಳ ಹುಡುಕುತ್ತ ಬಹಳ ಹೊತ್ತು ಕೂತರೂ ಅಂಕಿ ಏರುತ್ತದೆ. ಚಳಿಗಾಲದಲ್ಲಿ ಬೇಸಿಗೆಗಿಂತ ತುಸು ಹೆಚ್ಚು ಬರುವುದೂ ಉಂಟು.

ಇನ್ನೊಂದು ಗುಟ್ಟು ಲೆಕ್ಕದಲ್ಲೇ ಇದೆ, ವ್ಯಾಪಾರಿಗಳಿಗೆ ಇದು ಬೇಗ ತಿಳಿಯುತ್ತದೆ. ಅನೇಕ ಪ್ರಯೋಗಶಾಲೆಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ, ಲೆಕ್ಕ ಹಾಕಿ ಬರೆಯುತ್ತವೆ. 1972ರಲ್ಲಿ ಫ್ರೀಡ್‌ವಾಲ್ಡ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಹೇಳಿದ ಸೂತ್ರ ಅದು: ಒಟ್ಟು ಕೊಲೆಸ್ಟರಾಲಿನಿಂದ ಎಚ್‌ಡಿಎಲ್ ಕಳೆಯಬೇಕು, ಟ್ರೈಗ್ಲಿಸರೈಡಿನ ಐದನೆಯ ಒಂದು ಭಾಗವನ್ನೂ ಕಳೆಯಬೇಕು. ಒಟ್ಟು 210, ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 190 ಇದ್ದರೆ ಎಲ್‌ಡಿಎಲ್ 134. ಅದೇ ಮನುಷ್ಯ ಬೀಗರ ಮನೆಯಲ್ಲಿ ಎರಡು ದಿನ ಹೋಳಿಗೆ, ಬುಂದಿ ಹೊಡೆದು ಬಂದು ರಕ್ತ ಕೊಟ್ಟ, ಟ್ರೈಗ್ಲಿಸರೈಡ್ 300 ಆಯಿತು, ಉಳಿದೆರಡು ಹಾಗೇ ಇವೆ ಎನ್ನೋಣ. ಆಗ ಎಲ್‌ಡಿಎಲ್ ಕಾಗದದ ಮೇಲೆ 112ಕ್ಕೆ ಇಳಿಯುತ್ತದೆ! ಸಿಹಿ ತಿಂದು ಕೆಟ್ಟ ಕೊಲೆಸ್ಟರಾಲ್ ಇಳಿಸಿಕೊಂಡಂತೆ ಕಾಣುತ್ತದೆ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಸೂತ್ರವನ್ನು ಬಳಸಲೇಬಾರದು. ಆಗ ನೇರವಾಗಿ ಅಳೆಯಬೇಕು. ಹೀಗಾಗಿ ವೈದ್ಯರು ಈಗೀಗ ಒಟ್ಟಿನಿಂದ ಎಚ್‌ಡಿಎಲ್ ಒಂದನ್ನೇ ಕಳೆದ ಅಂಕಿಯನ್ನೂ ನೋಡುತ್ತಾರೆ. ಅದಕ್ಕೆ ನಾನ್-ಎಚ್‌ಡಿಎಲ್ ಎನ್ನುತ್ತಾರೆ. ಮೇಲಿನ ಎರಡೂ ಸಲ ಅದು 172, ಮೋಸವಿಲ್ಲ.

ಮಕ್ಕಳು ಪರದೇಶದಲ್ಲಿರುವ ಮನೆಗಳಿಗೆ ಒಂದು ಮಾತು. ಇಂಗ್ಲೆಂಡಿನ ರಿಪೋರ್ಟಿನಲ್ಲಿ 5.4 ಎಂದಿದ್ದರೆ ಮಗನ ಕೊಲೆಸ್ಟರಾಲ್ ಬತ್ತಿಹೋಗಿದೆ ಎಂದು ತಾಯಿ ಗಾಬರಿಯಾಗಬೇಕಿಲ್ಲ. ಅಲ್ಲಿಯ ಮಾಪು ಬೇರೆ. ಅದನ್ನು 38.67ರಿಂದ ಗುಣಿಸಿದರೆ ನಮ್ಮ 209 ಆಗುತ್ತದೆ.

ಇಷ್ಟು ಏರಿಳಿತ ನಿರುಪದ್ರವಿಯಾದದ್ದು. ಆದರೆ ಜೀವಕ್ಕೆ ಕುತ್ತು ತರುವ ಒಂದು ಇಳಿತವಿದೆ. ನಮ್ಮ ಸಂಬಂಧಿಕರೊಬ್ಬರಿಗೆ, ನಿಲಂಗಾ ಕಡೆಯ ಆಡತಿ ವ್ಯಾಪಾರಿ, ಐವತ್ತೆರಡನೆಯ ವಯಸ್ಸಿನಲ್ಲಿ ಹೃದಯಾಘಾತವಾಯಿತು. ಆಸ್ಪತ್ರೆಯಲ್ಲಿ ಐದನೆಯ ದಿನ ತೆಗೆದ ರಕ್ತದಲ್ಲಿ ಒಟ್ಟು ಕೊಲೆಸ್ಟರಾಲ್ 148 ಬಂತು. ಮನೆಯವರೆಲ್ಲ ಆ ಕಾಗದ ಹಿಡಿದು "ಇವರಿಗೆ ಕೊಲೆಸ್ಟರಾಲ್ ಇರಲೇ ಇಲ್ಲ, ಇದು ಬರೀ ಮನಸ್ಸಿನ ತಾಪದಿಂದ ಆದದ್ದು" ಎಂದು ತೀರ್ಮಾನಿಸಿದರು. ಎರಡು ತಿಂಗಳಿಗೆ ಆ ಗುಳಿಗೆ ನಿಂತಿತು. ವರ್ಷದೊಳಗೆ ಎರಡನೆಯ ಆಘಾತವಾಯಿತು. ಈ ಸಲ ಉಳಿದುಕೊಂಡರು, ಆದರೆ ಅಂಗಡಿಯ ಮೆಟ್ಟಿಲು ಹತ್ತುವ ಶಕ್ತಿ ಮರಳಿ ಬರಲಿಲ್ಲ. ಅಂಗಡಿಯನ್ನು ಈಗ ಹಿರಿಯ ಮಗ ನೋಡುತ್ತಾನೆ, ಅವನ ಓದು ಅರ್ಧಕ್ಕೆ ಬಿಟ್ಟಿದೆ. ಹೃದಯಾಘಾತ, ದೊಡ್ಡ ಶಸ್ತ್ರಕ್ರಿಯೆ, ಜೋರಾದ ಜ್ವರ, ನ್ಯುಮೋನಿಯಾ ಇವುಗಳಾದಾಗ ಕೊಲೆಸ್ಟರಾಲ್ ತಾನಾಗಿಯೇ ಕುಸಿಯುತ್ತದೆ, ಮತ್ತೆ ತನ್ನ ಮಟ್ಟಕ್ಕೆ ಬರಲು ಕೆಲವು ವಾರ ಬೇಕು. ಆಘಾತವಾದ 24 ಗಂಟೆಯೊಳಗೆ ತೆಗೆದ ರಕ್ತವನ್ನು ನಂಬಬಹುದು, ಆಮೇಲಿನದನ್ನು ಹಾಗೆ ನಂಬಲಾಗದು. ಮೇಲಾಗಿ ಒಮ್ಮೆ ಹೃದಯಾಘಾತವಾದವರಿಗೆ ಗುಳಿಗೆ ಕೊಡುವುದು ಅಂಕಿ ಹೆಚ್ಚಿದೆ ಎಂಬ ಒಂದೇ ಕಾರಣಕ್ಕಲ್ಲ.

ರಿಪೋರ್ಟಿನ ಬಲಗಡೆ ಮುದ್ರಿಸಿದ ಸಾಮಾನ್ಯ ಪ್ರಮಾಣವೂ ಎಲ್ಲರಿಗೂ ಒಂದೇ ಅಲ್ಲ. ಕಾರ್ಡಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ನಮ್ಮ ದೇಶದವರಿಗಾಗಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಜನರ ಎಲ್‌ಡಿಎಲ್ 100ರ ಒಳಗೆ, ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ಹೆಚ್ಚಿನ ಅಪಾಯವಿರುವವರದು 70ರ ಒಳಗೆ, ಹೃದಯಾಘಾತ ಆದವರದು 55ರ ಒಳಗೆ ಇರಬೇಕು. ಅಂದರೆ ಅಣ್ಣನಿಗೆ ಸರಿಯಾದ 95 ತಮ್ಮನಿಗೆ ಅಪಾಯದ ಅಂಕಿ ಆಗಬಹುದು. ಮೊದಲ ತಪಾಸಣೆ 18ನೆಯ ವಯಸ್ಸಿಗೇ ಆಗಲಿ ಎಂದೂ, ಖಾಲಿ ಹೊಟ್ಟೆ ಎಲ್ಲರಿಗೂ ಕಡ್ಡಾಯವಲ್ಲ ಎಂದೂ ಅದರಲ್ಲಿದೆ. ಟ್ರೈಗ್ಲಿಸರೈಡ್ ಹೆಚ್ಚಿರುವವರಿಗೆ ಮಾತ್ರ ಖಾಲಿ ಹೊಟ್ಟೆಯದೇ ಬೇಕಾದೀತು. ಸೂರ್ಯಾಸ್ತದ ಮೊದಲು ಊಟ ಮುಗಿಸುವ ಮನೆಗಳಲ್ಲಿ ಮುಂಜಾನೆ ಏಳೆಂಟು ಗಂಟೆಗೆ ಹನ್ನೆರಡು ತಾಸು ತಾನಾಗಿಯೇ ತುಂಬಿರುತ್ತದೆ, ಅದು ನಮಗೆ ಕಷ್ಟದ ಮಾತಲ್ಲ.

ಅಂಕಿ ಇಳಿಯದೆ ಮೇಲೇ ನಿಂತಿದ್ದರೆ ಕಾರಣ ಹುಡುಕಬೇಕು. ಹೆಂಗಸರಲ್ಲಿ ಥೈರಾಯಿಡ್ ಗ್ರಂಥಿ ಮಂದವಾಗಿದ್ದರೆ ಎಲ್‌ಡಿಎಲ್ ಏರುತ್ತದೆ. ಅದಕ್ಕೆ ಔಷಧ ಕೊಟ್ಟರೆ ಇದೂ ಇಳಿಯುತ್ತದೆ. ಮುಟ್ಟು ನಿಂತ ಮೇಲೂ ಏರುವುದುಂಟು. ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆ, ಸ್ಟೆರಾಯ್ಡ್ ಗುಳಿಗೆ ಇವೂ ಕಾರಣಗಳೇ.

ಎಲ್‌ಡಿಎಲ್ 190 ದಾಟಿದ್ದರೆ, ಅದರಲ್ಲೂ ಮನೆತನದಲ್ಲಿ ನಲವತ್ತು-ಐವತ್ತರೊಳಗೆ ಹೃದಯಾಘಾತ ಆದವರಿದ್ದರೆ, ಅದು ವಂಶದಿಂದ ಬಂದದ್ದಿರಬಹುದು. ಯಕೃತ್ತಿನ ಜೀವಕೋಶಗಳ ಮೇಲೆ ಎಲ್‌ಡಿಎಲ್ ಅನ್ನು ಹಿಡಿದು ಒಳಗೆಳೆಯುವ ಕೊಕ್ಕೆಗಳಿರುತ್ತವೆ. ಅವನ್ನು ಕಂಡುಹಿಡಿದ ಅಮೆರಿಕದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪಾರಿತೋಷಕ ಸಿಕ್ಕಿತು. ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ಈ ಕೊಕ್ಕೆಗಳು ಅರ್ಧದಷ್ಟೇ ಕೆಲಸ ಮಾಡುತ್ತವೆ. ಸುಮಾರು 250-300 ಜನರಲ್ಲಿ ಒಬ್ಬರಿಗೆ ಇದಿದೆ. ಪಥ್ಯವೊಂದರಿಂದಲೇ ಇದು ಸರಿಹೋಗದು. ತಂದೆ-ತಾಯಿ ಇಬ್ಬರಲ್ಲೂ ಈ ದೋಷವಿದ್ದರೆ ಮಗುವಿಗೆ ಎರಡೂ ಕಡೆಯಿಂದ ಬಂದು ಎಳೆಯ ವಯಸ್ಸಿನಲ್ಲೇ ಹೃದಯದ ಕಾಯಿಲೆ ಆಗಬಹುದು. ಸೋದರಮಾವ, ಅತ್ತೆಯ ಮಗ ಎಂದು ಒಳಗೊಳಗೇ ಸಂಬಂಧ ಮಾಡುವ ನಮ್ಮ ಮನೆಗಳಲ್ಲಿ ಜಾತಕದ ಜೊತೆಗೆ ಇದನ್ನೂ ವಿಚಾರಿಸಬೇಕೆಂದು ನನ್ನ ಅಭಿಪ್ರಾಯ. ಕೆಲವರಿಗೆ ಇದು ರುಚಿಸದಿರಬಹುದು.

ಎಣ್ಣೆಯ ವ್ಯಾಪಾರಿಯಾಗಿ ಒಂದು ಮಾತನ್ನು ಹೇಳದೆ ಬಿಡಲಾರೆ. ಪಾಕೀಟಿನ ಮೇಲೆ "ಕೊಲೆಸ್ಟರಾಲ್ ಮುಕ್ತ" ಎಂದು ದೊಡ್ಡದಾಗಿ ಬರೆದಿರುತ್ತಾರೆ. ಯಾವ ಬೀಜದ ಎಣ್ಣೆಯಲ್ಲೂ ಅದು ಇರುವುದಿಲ್ಲ, ಹೆಚ್ಚು ಹಣ ಕೊಡಬೇಕಾದ ಗುಣ ಅದಲ್ಲ. ನಮ್ಮ ಕಡೆಯ ಕುಸುಬಿ ಎಣ್ಣೆ, ಶೇಂಗಾ ಎಣ್ಣೆಗಳು ಚೆನ್ನಾದವೇ. ಪಾಮ್ ಎಣ್ಣೆಯಲ್ಲಿ ಅರ್ಧದಷ್ಟು ಗಟ್ಟಿ ಕೊಬ್ಬಿದೆ. ವನಸ್ಪತಿಯಲ್ಲಿದ್ದ ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಏರಿಸಿ ಎಚ್‌ಡಿಎಲ್ ಇಳಿಸುವಂಥದ್ದು. ಸರಕಾರ ಅದನ್ನು 2022ರಿಂದ ನೂರಕ್ಕೆ 2ಕ್ಕೆ ಇಳಿಸಿದೆ. ಆದರೆ ಎಣ್ಣೆ ಯಾವುದು ಎಂಬುದಕ್ಕಿಂತ ಎಷ್ಟು ಎಂಬುದು ದೊಡ್ಡದು. ಹನ್ನೆರಡು ಜನರ ಮನೆಯಲ್ಲಿ 15 ಕಿಲೋದ ಡಬ್ಬಿ ತಿಂಗಳಿಗೆ ಖಾಲಿಯಾದರೆ ತಲೆಗೆ ದಿನಕ್ಕೆ 40 ಗ್ರಾಂ ದಾಟಿತು. 20ರಿಂದ 30 ಗ್ರಾಂ ಸಾಕು, ಅದರಲ್ಲಿ ತುಪ್ಪವೂ ಸೇರಿತು. ಜೋಳದ ರೊಟ್ಟಿ, ಪುಂಡಿ ಪಲ್ಯ, ಬೇಳೆ, ಅಗಸೆಯ ಹಿಂಡಿ ತಿಂದು ಬೆಳೆದವರಿಗೆ ಮಧ್ಯಾಹ್ನ ಗಲ್ಲಾದ ಮೇಲೆ ಕೂತೇ ತಿನ್ನುವ ಶೇವು-ಚಿವಡಾ, ಫರಸಾಣ ಬಂದ ಮೇಲೆ ತಾಪತ್ರಯ ಹೆಚ್ಚಿತು. ಬೆಳ್ಳುಳ್ಳಿ ತಿನ್ನಿ ಎಂದು ಸಲಹೆ ಕೊಡುವವರಿಗೆ ನಯವಾಗಿ ಬೇಡ ಎನ್ನಿ. ಅದರ ಲಾಭ ಅತಿ ಸ್ವಲ್ಪ, ನಾವೇನೂ ಕಳಕೊಳ್ಳುವುದಿಲ್ಲ. ಇಸಬಗೋಲಿನ ಹೊಟ್ಟಿನಿಂದ ಎಲ್‌ಡಿಎಲ್ ತುಸು ಇಳಿಯುತ್ತದೆ. ಟ್ರೈಗ್ಲಿಸರೈಡಿಗೆಂದು ಕೊಡುವ ಒಮೆಗಾ ಕ್ಯಾಪ್ಸೂಲು ಬಹುತೇಕ ಮೀನೆಣ್ಣೆಯದು, ಅದರ ಹೊರಕವಚವೂ ಪ್ರಾಣಿಜನ್ಯ. ಬರೆಸಿಕೊಳ್ಳುವಾಗಲೇ ವೈದ್ಯರಿಗೆ ನಾವು ಜೈನರು ಎಂದು ಹೇಳಿಬಿಡಿ.

ಉಪವಾಸದ ವಿಷಯ ನಮಗೆ ವಿಶೇಷ. ಹಲವು ದಿನ ಸತತವಾಗಿ ಉಪವಾಸ ಮಾಡಿದಾಗ ಮೈಯ ಕೊಬ್ಬು ಕರಗಿ ರಕ್ತಕ್ಕೆ ಬರುತ್ತದೆ. ಆಗ ತೆಳ್ಳಗಿನವರಲ್ಲಿ ಕೊಲೆಸ್ಟರಾಲ್ ಇಳಿಯುವ ಬದಲು ಏರಿ ಕಾಣುವುದುಂಟು. ಇದು ವ್ರತದ ದೋಷವಲ್ಲ, ತಾತ್ಕಾಲಿಕ. ಆದ್ದರಿಂದ ಭಾದ್ರಪದದ ದಶಲಕ್ಷಣ ಪರ್ವದ ಪಾರಣೆ ಆದ ಮರುದಿನವೇ ರಕ್ತ ಕೊಡಬೇಡಿ. ಮೂರು ವಾರ ಬಿಟ್ಟು, ನಿರ್ವಾಣ ಲಾಡು ಮತ್ತು ದೀಪಾವಳಿಯ ಫರಾಳ ಆರಂಭವಾಗುವ ಮೊದಲು ಕೊಡಿ.

ಇನ್ನು ಗುಳಿಗೆ. ಸ್ಟಾಟಿನ್ ಎಂಬ ಈ ಔಷಧವನ್ನು ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಬೂಷ್ಟಿನಲ್ಲಿ ಕಂಡುಹಿಡಿದರು. ಈಗ ಹೆಚ್ಚಾಗಿ ಬರೆಯುವ ಅಟೊರ್ವಾಸ್ಟಾಟಿನ್, ರೊಸುವಾಸ್ಟಾಟಿನ್‌ಗಳು ಕಾರಖಾನೆಯಲ್ಲಿ ರಸಾಯನದಿಂದ ತಯಾರಾದವು. ಅಂಕಿ ಪದೇಪದೇ ಏರಿಳಿಯುತ್ತಿದ್ದರೆ ಮೊದಲು ಗುಳಿಗೆಯ ಪಟ್ಟಿ ಎಣಿಸಿ ನೋಡಿ. ತಪಾಸಣೆಗೆ ಹದಿನೈದು ದಿನ ಮೊದಲು ನುಂಗಿ ಆಮೇಲೆ ಬಿಡುವ ಮಂದಿ ನಮ್ಮಲ್ಲಿ ಬಹಳ. ಬಿಟ್ಟ ಮೂರ್ನಾಲ್ಕು ವಾರದಲ್ಲಿ ಅದು ಹಳೆಯ ಮಟ್ಟಕ್ಕೆ ಬಂದೇ ಬರುತ್ತದೆ. ಮೈಕೈ ನೋವು ಬಂದರೆ ತಾವೇ ನಿಲ್ಲಿಸದೆ ವೈದ್ಯರಿಗೆ ಹೇಳಿದರೆ ಪ್ರಮಾಣ ಇಳಿಸುತ್ತಾರೆ, ಇಲ್ಲವೆ ಬೇರೆ ಗುಳಿಗೆ ಕೊಡುತ್ತಾರೆ. "ರಾತ್ರಿ ಮಲಗುವಾಗ" ಎಂದು ಚೀಟಿಯಲ್ಲಿ ಬರೆದಿದ್ದಕ್ಕೆ, ರಾತ್ರಿ ನೀರು ಬಿಟ್ಟ ಹಿರಿಯರು ಚಾತುರ್ಮಾಸ ಪೂರ್ತಿ ಗುಳಿಗೆಯನ್ನೇ ಬಿಟ್ಟದ್ದನ್ನು ನೋಡಿದ್ದೇನೆ. ಮೇಲೆ ಹೇಳಿದ ಎರಡು ಗುಳಿಗೆಗಳ ಗುಣ ಇಡೀ ದಿನ ಇರುವುದರಿಂದ ಅವನ್ನು ದಿನದ ಯಾವ ಹೊತ್ತಿನಲ್ಲಾದರೂ, ಏಕಾಸನ ಮಾಡುವವರು ಆಹಾರದ ಹೊತ್ತಿಗೇ, ತೆಗೆದುಕೊಳ್ಳಬಹುದು. ಸಂಜೆಗೆ ಎಂದೇ ಕೊಡುವ ಸಿಮ್ವಾಸ್ಟಾಟಿನ್ ಆದರೆ ಸೂರ್ಯಾಸ್ತಕ್ಕೆ ಮೊದಲು ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ, ಚೀಟಿಯ ಮೇಲೆಯೇ ಹೊತ್ತನ್ನು ಬರೆಸಿಕೊಂಡು ಬನ್ನಿ.