ಚರ್ಮದ ಯೀಸ್ಟ್‌ಗಳ ಲೈಪೇಸ್ ಕಿಣ್ವಗಳು

ಚರ್ಮದ ಯೀಸ್ಟ್‌ಗಳ ಲೈಪೇಸ್ ಕಿಣ್ವಗಳು ಮನುಷ್ಯರ ಮತ್ತು ಪ್ರಾಣಿಗಳ ಚರ್ಮದ ಮೇಲೆ ನೆಲೆಸಿರುವ ಮಲಸೇಜಿಯ ಕುಲದ ಏಕಕೋಶ ಶಿಲೀಂಧ್ರಗಳು ಸ್ರವಿಸುವ, ಕೊಬ್ಬನ್ನು ವಿಭಜಿಸುವ ಕಿಣ್ವಗಳು. ತಲೆಹೊಟ್ಟು ಮತ್ತು ಸೆಬೊರಿಕ್ ಚರ್ಮದುರಿತದಲ್ಲಿ ಇವುಗಳ ಪಾತ್ರ ಮುಖ್ಯವಾದುದು. ಚಿಬ್ಬು ಸಹ ಇದೇ ಯೀಸ್ಟ್‌ಗಳಿಂದ ಉಂಟಾಗುತ್ತದೆ. ಫ್ರೆಂಚ್ ವಿಜ್ಞಾನಿ ಲೂಯಿ ಶಾರ್ಲ್ ಮಲಾಸೆಯ ಗೌರವಾರ್ಥ ಈ ಕುಲಕ್ಕೆ 1889ರಲ್ಲಿ ಹೆಸರಿಡಲಾಯಿತು.

ಕೊಬ್ಬಿನ ಅವಲಂಬನೆ

ಬಹುತೇಕ ಜೀವಿಗಳು ತಮಗೆ ಬೇಕಾದ ಕೊಬ್ಬಿನಾಮ್ಲಗಳನ್ನು ತಾವೇ ತಯಾರಿಸಿಕೊಳ್ಳುತ್ತವೆ. ಮಲಸೇಜಿಯಕ್ಕೆ ಆ ಶಕ್ತಿಯಿಲ್ಲ. 2007ರಲ್ಲಿ ಮಲಸೇಜಿಯ ಗ್ಲೊಬೋಸ ಪ್ರಭೇದದ ಜೀನೋಮ್ ಪ್ರಕಟವಾದಾಗ, ಕೊಬ್ಬಿನಾಮ್ಲವನ್ನು ಸಂಶ್ಲೇಷಿಸುವ ಕಿಣ್ವದ ವಂಶವಾಹಿಯು ಅದರಲ್ಲಿ ಇಲ್ಲವೆಂದು ತಿಳಿದುಬಂದಿತು. ಈ ಕಾರಣದಿಂದಲೇ ಪ್ರಯೋಗಾಲಯಗಳಲ್ಲಿ ಇದನ್ನು ಬೆಳೆಸಲು ಆಹಾರ ಮಾಧ್ಯಮಕ್ಕೆ ಆಲಿವ್ ಎಣ್ಣೆಯಂತಹ ಕೊಬ್ಬನ್ನು ಸೇರಿಸುವ ರೂಢಿಯಿದೆ. ಚರ್ಮದ ಮೇಲೆ ತೈಲಗ್ರಂಥಿಗಳ ಸ್ರಾವವೇ ಇದರ ಆಹಾರ. ಆದುದರಿಂದ ಇದು ನೆತ್ತಿ, ಮುಖ, ಎದೆ ಮತ್ತು ಬೆನ್ನಿನ ಮೇಲ್ಭಾಗದಲ್ಲಿ ಹೆಚ್ಚಾಗಿರುತ್ತದೆ. ತೈಲಗ್ರಂಥಿಗಳು ಚುರುಕಾಗುವ ಹರೆಯದಲ್ಲಿ ತಲೆಹೊಟ್ಟು ಕಾಣಿಸಿಕೊಳ್ಳುವುದಕ್ಕೂ ಇದೇ ಕಾರಣ.

ತಲೆಹೊಟ್ಟು

ತೈಲಸ್ರಾವದಲ್ಲಿರುವ ಟ್ರೈಗ್ಲಿಸರೈಡ್‌ನ ಪ್ರತಿಯೊಂದು ಅಣುವಿನಲ್ಲಿಯೂ ಒಂದು ಗ್ಲಿಸರಾಲ್ ಮತ್ತು ಮೂರು ಕೊಬ್ಬಿನಾಮ್ಲಗಳು ಕೂಡಿಕೊಂಡಿರುತ್ತವೆ. ಲೈಪೇಸ್ ಈ ಬಂಧವನ್ನು ಬಿಡಿಸುತ್ತದೆ. ಬಿಡುಗಡೆಯಾದ ಪರ್ಯಾಪ್ತ ಕೊಬ್ಬಿನಾಮ್ಲಗಳನ್ನು ಯೀಸ್ಟ್ ಬಳಸಿಕೊಳ್ಳುತ್ತದೆ; ಓಲಿಯಿಕ್ ಆಮ್ಲದಂತಹ ಅಪರ್ಯಾಪ್ತ ಆಮ್ಲಗಳು ಚರ್ಮದ ಮೇಲೆಯೇ ಉಳಿಯುತ್ತವೆ. ಹೀಗೆ ಉಳಿದದ್ದು ಚರ್ಮದ ಹೊರಪದರದೊಳಗೆ ಇಳಿದು ಅದರ ರಕ್ಷಣಾಶಕ್ತಿಯನ್ನು ಕುಗ್ಗಿಸುತ್ತದೆ. ತಲೆಹೊಟ್ಟಿನ ಪ್ರವೃತ್ತಿಯುಳ್ಳವರ ನೆತ್ತಿಗೆ ಓಲಿಯಿಕ್ ಆಮ್ಲವನ್ನು ಲೇಪಿಸಿದ ಪ್ರಯೋಗದಲ್ಲಿ ಹೊಟ್ಟು ಉಂಟಾಯಿತು. ಆ ಪ್ರವೃತ್ತಿಯಿಲ್ಲದವರಲ್ಲಿ ಉಂಟಾಗಲಿಲ್ಲ. ಅಂದರೆ ಯೀಸ್ಟ್ ಎಲ್ಲರಲ್ಲಿಯೂ ಇದ್ದರೂ ರೋಗವು ಆಯಾ ವ್ಯಕ್ತಿಯ ಚರ್ಮದ ಸ್ವಭಾವವನ್ನೂ ಅವಲಂಬಿಸಿದೆ. ತಲೆಗೆ ಹಚ್ಚುವ ಎಣ್ಣೆಗಳಲ್ಲಿಯೂ ಟ್ರೈಗ್ಲಿಸರೈಡ್‌ಗಳೇ ಇರುವುದರಿಂದ ಅವು ಹೊಟ್ಟನ್ನು ಮೆತ್ತಗಾಗಿಸಿ ಮರೆಮಾಡಿದರೂ ಯೀಸ್ಟಿಗೆ ಆಹಾರವಾಗಬಲ್ಲವು.

ಚಿಬ್ಬು

ಸೆಕೆ ಮತ್ತು ಬೆವರು ಹೆಚ್ಚಿದಾಗ ಈ ಯೀಸ್ಟ್ ಕೆಲವರಲ್ಲಿ ಎಳೆಯ ರೂಪವನ್ನು ತಾಳಿ, ಎದೆ, ಬೆನ್ನು, ಕತ್ತುಗಳ ಮೇಲೆ ತಿಳಿಬಣ್ಣದ ಅಥವಾ ಕಂದುಬಣ್ಣದ, ನವಿರಾದ ಹೊಟ್ಟೇಳುವ ಮಚ್ಚೆಗಳನ್ನು ಉಂಟುಮಾಡುತ್ತದೆ. ಇದನ್ನು ತೊನ್ನು ಅಥವಾ ಕುಷ್ಠವೆಂದು ಭಾವಿಸಿ ರೋಗಿಯನ್ನು ದೂರವಿಡುವುದು ತಪ್ಪು. ತೊನ್ನಿನ ಕಲೆಯಲ್ಲಿ ಹೊಟ್ಟು ಇರುವುದಿಲ್ಲ; ಕುಷ್ಠದ ಮಚ್ಚೆಯಲ್ಲಿ ಸಾಮಾನ್ಯವಾಗಿ ಸ್ಪರ್ಶಜ್ಞಾನ ಕುಗ್ಗಿರುತ್ತದೆ; ಚಿಬ್ಬಿನಲ್ಲಿ ಕುಗ್ಗುವುದಿಲ್ಲ. ಸಂದೇಹವಿದ್ದಲ್ಲಿ ಮಚ್ಚೆಯಿಂದ ಕೆರೆದ ಹೊಟ್ಟನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ವೈದ್ಯರು ರೋಗವನ್ನು ನಿರ್ಧರಿಸುತ್ತಾರೆ. ಚಿಬ್ಬು ಸಾಮಾನ್ಯವಾಗಿ ಒಬ್ಬರಿಂದೊಬ್ಬರಿಗೆ ಅಂಟುವ ರೋಗವಲ್ಲ. ಅಶುಚಿತ್ವದ ಗುರುತೂ ಅಲ್ಲ.

ಚಿಕಿತ್ಸೆ

ಕೀಟೊಕೊನಜೋಲ್, ಸೆಲೆನಿಯಮ್ ಸಲ್ಫೈಡ್ ಮತ್ತು ಜಿಂಕ್ ಪೈರಿಥಿಯೋನ್ ಯೀಸ್ಟಿನ ಬೆಳವಣಿಗೆಯನ್ನು ತಡೆಯುತ್ತವೆ. ಆದರೆ ಯೀಸ್ಟ್ ಚರ್ಮದ ಸಹಜ ನಿವಾಸಿಯಾದುದರಿಂದ ಸಂಪೂರ್ಣವಾಗಿ ನಿರ್ಮೂಲವಾಗುವುದಿಲ್ಲ, ರೋಗವು ಮರುಕಳಿಸುವುದುಂಟು. ಚಿಬ್ಬು ಗುಣವಾದ ಮೇಲೂ ಚರ್ಮದ ಬಣ್ಣ ಮೊದಲಿನಂತಾಗಲು ಕೆಲವು ತಿಂಗಳುಗಳು ಬೇಕಾಗಬಹುದು. ಬಣ್ಣವೊಂದೇ ಮರಳದಿರುವುದು ಔಷಧ ವಿಫಲವಾದುದರ ಸೂಚನೆಯಲ್ಲ.