ಕೈಮರ ತಿರುಗಿಸುವ ಕಳ್ಳರು



ನಮ್ಮೂರಿಗೆ ಬರುವಾಗ ಮೂರು ದಾರಿ ಸೇರುವ ಕಡೆ ಒಂದು ಕೈಮರ ಇದೆ. ಒಂದು ಕೈ ತಿಪಟೂರಿನ ಕಡೆ, ಒಂದು ಕೈ ನಮ್ಮೂರ ಕಡೆ, ಇನ್ನೊಂದು ತೋಟದ ಕಡೆ. ಯಾರಾದರೂ ರಾತ್ರೋರಾತ್ರಿ ಬಂದು ಅದನ್ನು ತಿರುಗಿಸಿಬಿಟ್ಟರೆ ಏನಾಗುತ್ತದೆ? ದಾರಿ ಗೊತ್ತಿರುವ ನಮಗೆ ಏನೂ ಆಗಲ್ಲ. ಆದರೆ ಕೈಮರವನ್ನೇ ನಂಬಿಕೊಂಡು ಬರುವ ಹೊಸಬರು ಯಾರದೋ ತೋಟದಲ್ಲಿ ಹೋಗಿ ನಿಲ್ತಾರೆ.

ಕಂಪ್ಯೂಟರಿನೊಳಗೂ ಇಂಥ ಒಂದು ಕೈಮರ ಇದೆ. ಅದನ್ನು ತಿರುಗಿಸುವ ಕಳ್ಳರೂ ಇದ್ದಾರೆ. ನಮ್ಮ ಮನೆಯ ಕಂಪ್ಯೂಟರಿನಲ್ಲಿ ಅವರು ಹಾಗೆ ಮಾಡಿದರು. ಅವರಿಗೆ ಬಾಗಿಲು ತೆಗೆದುಕೊಟ್ಟವಳು ನಾನೇ. ಅದಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ನಡೆದದ್ದು ಏನು?

ನಮ್ಮ ಮಾವ ಬೆಂಗಳೂರಿನಿಂದ ಒಂದು ಹಳೇ ಕಂಪ್ಯೂಟರ್ ತಂದುಕೊಟ್ಟಿದ್ದರು. ಅದರಲ್ಲಿ ವಿಂಡೋಸ್ 7 ಇತ್ತು. ಬ್ರೌಸರ್ 2015ನೇ ಇಸವಿಯದು. ನೆಟ್ ಪ್ಯಾಕ್ ಖಾಲಿಯಾಗುತ್ತೆ ಅಂತ ಮಾವ ಅಪ್‌ಡೇಟ್ ಆಗದ ಹಾಗೆ ಮಾಡಿಟ್ಟಿದ್ದರು. ಕೆಲವು ಪುಟ ಸೊಟ್ಟಗೆ ಕಾಣುತ್ತಿದ್ದವು, ಕೆಲವು ತೆರೆಯುತ್ತಲೇ ಇರಲಿಲ್ಲ. ಆದರೂ ಕೊಬ್ಬರಿ ರೇಟು ನೋಡೋದಕ್ಕೆ ಅಪ್ಪನಿಗೆ ಅಷ್ಟು ಸಾಕಾಗಿತ್ತು.

ದಸರಾ ರಜೆಯಲ್ಲಿ ನಾನು ಒಂದು ಬಸ್ ಓಡಿಸುವ ಆಟವನ್ನು ಪುಕ್ಕಟೆ ಅಂತ ಇಳಿಸಿಕೊಂಡೆ. ಅದನ್ನು ಹಾಕುವಾಗ ಇಂಗ್ಲಿಷಿನಲ್ಲಿ ಏನೇನೋ ಕೇಳಿತು. ನಾನು ಓದಲಿಲ್ಲ. ನೆಕ್ಸ್ಟ್, ನೆಕ್ಸ್ಟ್, ನೆಕ್ಸ್ಟ್ ಒತ್ತಿದೆ. ಆಟ ಬಂತು. ಮಾರನೇ ದಿನದಿಂದ ಬ್ರೌಸರ್ ತೆರೆದರೆ ಮೊದಲಿನ ಪುಟ ಇಲ್ಲ, ಯಾವುದೋ ಹೊಸ ಹುಡುಕು ಪುಟ. ತಿಪಟೂರು ಕೊಬ್ಬರಿ ಧಾರಣೆ ಅಂತ ಹುಡುಕಿದರೆ ಸಾಲ ಕೊಡ್ತೀವಿ, ಬೊಜ್ಜು ಇಳಿಸ್ತೀವಿ ಅನ್ನೋ ಜಾಹೀರಾತುಗಳು ಮೇಲೆ. ಅಪ್ಪ, "ಇದ್ಯಾಕೆ ಹಿಂಗಾಯ್ತು?" ಅಂದರು. "ಗೊತ್ತಿಲ್ಲ ಅಪ್ಪ" ಅಂದೆ. ಅದು ಸುಳ್ಳು.

ಆಮೇಲೆ ಒಂದು ದಿನ ಮನೆಯಲ್ಲಿ ಗ್ಯಾಸ್ ಮುಗಿದು ಸಿಲಿಂಡರ್ ಬರಲಿಲ್ಲ. ಅಪ್ಪ ಫೋನ್ ನಂಬರ್ ಹುಡುಕು ಅಂದರು. ಆ ಹೊಸ ಪುಟದಲ್ಲೇ ಹುಡುಕಿ, ಎಲ್ಲಕ್ಕಿಂತ ಮೇಲೆ ಬಂದ ನಂಬರನ್ನು ಕ್ಯಾಲೆಂಡರಿನ ಮೇಲೆ ದುಂಡಗೆ ಬರೆದುಕೊಟ್ಟೆ. ಅಪ್ಪ ಫೋನ್ ಮಾಡಿದರು. ಆ ಕಡೆಯವನು ಬಹಳ ಮರ್ಯಾದೆಯಿಂದ ಮಾತಾಡಿ ಒಟಿಪಿ ಕೇಳಿದ. ಅಪ್ಪ ಹೇಳಿದರು. 4,600 ರೂಪಾಯಿ ಹೋಯಿತು. ಅದು ತೋಟಕ್ಕೆ ಗೊಬ್ಬರ ತರಲು ಇಟ್ಟಿದ್ದ ದುಡ್ಡು.

ಎರಡು ದಿನ ನನಗೆ ಊಟ ಸೇರಲಿಲ್ಲ. ಮೂರನೇ ದಿನ ನಮ್ಮ ವಿಜ್ಞಾನದ ಮೇಷ್ಟ್ರಿಗೆ ಎಲ್ಲಾ ಹೇಳಿಬಿಟ್ಟೆ. ಅವರು ಭಾನುವಾರ ನಮ್ಮ ಮನೆಗೆ ಬಂದು ಕಂಪ್ಯೂಟರ್ ಬಿಚ್ಚಿ ನೋಡುತ್ತಾ ಒಂದೊಂದಾಗಿ ವಿವರಿಸಿದರು. ಮುಂದಿನದೆಲ್ಲಾ ಅವರಿಂದ ಕಲಿತದ್ದು ಮತ್ತು ಆಮೇಲೆ ಓದಿ ತಿಳಿದದ್ದು.

ಬ್ರೌಸರ್ ಬೇರೆ, ಸರ್ಚ್ ಎಂಜಿನ್ ಬೇರೆ

ನಮ್ಮಲ್ಲಿ ತುಂಬಾ ಜನ ಇವೆರಡೂ ಒಂದೇ ಅಂದುಕೊಂಡಿದ್ದೇವೆ. ಬ್ರೌಸರ್ ಅಂದ್ರೆ ಅಂತರ್ಜಾಲದ ಪುಟಗಳನ್ನು ತೆರೆದು ತೋರಿಸುವ ತಂತ್ರಾಂಶ. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಇವು ಬ್ರೌಸರ್‌ಗಳು. ಸರ್ಚ್ ಎಂಜಿನ್ ಅಂದ್ರೆ ನಾವು ಕೇಳಿದ್ದು ಯಾವ ಪುಟದಲ್ಲಿದೆ ಅಂತ ಹುಡುಕಿ ಹೇಳುವುದು. ಗೂಗಲ್, ಬಿಂಗ್, ಡಕ್‌ಡಕ್‌ಗೋ ಇವು ಸರ್ಚ್ ಎಂಜಿನ್‌ಗಳು. ಬ್ರೌಸರ್ ಬಸ್ಸು ಇದ್ದ ಹಾಗೆ, ಸರ್ಚ್ ಎಂಜಿನ್ ಕೈಮರ ಇದ್ದ ಹಾಗೆ. ಬಸ್ಸಿಗೆ ಯಾವ ಕೈಮರ ನೋಡಬೇಕು ಅಂತ ಸೆಟ್ಟಿಂಗ್ಸ್‌ನಲ್ಲಿ ಬರೆದಿರುತ್ತೆ. ಕಳ್ಳರು ತಿದ್ದುವುದು ಆ ಒಂದು ಸಾಲನ್ನೇ. ಇಂಥ ಕಳ್ಳ ತಂತ್ರಾಂಶಕ್ಕೆ ಬ್ರೌಸರ್ ಹೈಜಾಕರ್ ಅಂತ ಹೆಸರು.

ತಿರುಗಿಸಿದರೆ ಅವರಿಗೇನು ಲಾಭ?

ಕಾರಣ ದುಡ್ಡು. ಹುಡುಕು ಪುಟದಲ್ಲಿ ಜಾಹೀರಾತು ಇರುತ್ತೆ. ನಾವು ಅದನ್ನು ಒತ್ತಿದರೆ ಜಾಹೀರಾತು ಕೊಟ್ಟವರು ಹಣ ಕೊಡಬೇಕು. ಒಬ್ಬರು ಒತ್ತಿದರೆ ಬರುವುದು ಚಿಲ್ಲರೆ ಕಾಸು, ಲಕ್ಷಾಂತರ ಜನ ಒತ್ತಿದರೆ ಮೂಟೆಗಟ್ಟಲೆ. ಈ ಜಾಗಕ್ಕೆ ಎಷ್ಟು ಬೆಲೆ ಇದೆ ಗೊತ್ತಾ? ಆಪಲ್ ಕಂಪನಿಯ ಬ್ರೌಸರಿನಲ್ಲಿ ಮೊದಲ ಸರ್ಚ್ ಎಂಜಿನ್ ಆಗಿರುವುದಕ್ಕೆ ಗೂಗಲ್ 2022ರಲ್ಲಿ 2000 ಕೋಟಿ ಡಾಲರ್ ಕೊಟ್ಟಿತ್ತು. ಇದು ಅಮೆರಿಕದ ಕೋರ್ಟಿನ ಕಾಗದಪತ್ರಗಳಿಂದ ಹೊರಬಂದ ಲೆಕ್ಕ. ದೊಡ್ಡ ಕಂಪನಿಗಳು ದುಡ್ಡು ಕೊಟ್ಟು ಪಡೆಯುವ ಜಾಗವನ್ನು ಕಳ್ಳರು ಪುಕ್ಕಟೆ ಕಿತ್ತುಕೊಳ್ತಾರೆ.

ಇನ್ನೊಂದು ತೊಂದರೆಯೂ ಇದೆ. ನಾವು ಏನೇನು ಹುಡುಕಿದೆವು ಅನ್ನುವುದೆಲ್ಲಾ ಅವರಿಗೆ ಗೊತ್ತಾಗುತ್ತೆ. ಯಾವ ಕಾಯಿಲೆಗೆ ಔಷಧಿ ಕೇಳಿದೆವು, ಯಾವ ಬ್ಯಾಂಕು ನಮ್ಮದು, ಎಲ್ಲಾ.

ಅವರು ಒಳಗೆ ಬರೋದು ಹೇಗೆ?

ಹೆಚ್ಚಾಗಿ ಅವರು ಕನ್ನ ಹಾಕಿ ಬರಲ್ಲ, ಪುಕ್ಕಟೆ ಸಾಮಾನಿನ ಚೀಲದೊಳಗೆ ಕೂತು ಬರ್ತಾರೆ. ಆಟ, ಹಾಡು ಇಳಿಸುವ ತಂತ್ರಾಂಶ, ವಿಡಿಯೋ ನೋಡುವ ತಂತ್ರಾಂಶ ಇವುಗಳ ಜೊತೆ ಇನ್ನೊಂದನ್ನು ಕಟ್ಟಿ ಕೊಡುತ್ತಾರೆ. "ನಮ್ಮ ಹುಡುಕು ಪುಟವನ್ನು ಬಳಸಲು ಒಪ್ಪಿದ್ದೇನೆ" ಅಂತ ಸಣ್ಣ ಅಕ್ಷರದಲ್ಲಿ ಇರುತ್ತೆ. ಅದರ ಮುಂದಿನ ಚೌಕದಲ್ಲಿ ಮೊದಲೇ ಟಿಕ್ ಹಾಕಿರುತ್ತೆ. ನಾನು ನೆಕ್ಸ್ಟ್ ಒತ್ತಿದ್ದು ಅದಕ್ಕೇ. ಕಾಗದ ಓದದೆ ಹೆಬ್ಬೆಟ್ಟು ಒತ್ತಿದ ಹಾಗೆ. ನಮ್ಮ ತಾತ ಓದಲು ಬಾರದೆ ಹೆಬ್ಬೆಟ್ಟು ಒತ್ತುತ್ತಿದ್ದರು. ನಾನು ಓದಲು ಬಂದೂ ಒತ್ತಿದೆ.

ಹಳೇ ಬ್ರೌಸರ್ ಆದರೆ ಏನಾಯ್ತು?

ಇದನ್ನು ಮೇಷ್ಟ್ರು ಬೇಲಿಯ ಉದಾಹರಣೆ ಕೊಟ್ಟು ಹೇಳಿದರು. ಬೇಲಿ ಹಾಕಿದ ವರ್ಷ ಗಟ್ಟಿಯಾಗಿರುತ್ತೆ. ಆಮೇಲೆ ಅಲ್ಲಲ್ಲಿ ಕಂಡಿ ಬೀಳುತ್ತೆ. ನಾವು ಮುಳ್ಳು ತಂದು ಮುಚ್ಚುತ್ತೇವೆ. ಬ್ರೌಸರ್ ಮಾಡಿದವರೂ ಹಾಗೇ ಕೆಲವು ವಾರಕ್ಕೊಮ್ಮೆ ಕಂಡಿ ಮುಚ್ಚಿ ಕಳಿಸ್ತಾರೆ. ಅದೇ ಅಪ್‌ಡೇಟ್. ಇಲ್ಲಿ ಒಂದು ಗಮನಿಸುವ ಮಾತಿದೆ. ಇಂಥ ಕಡೆ ಕಂಡಿ ಇತ್ತು, ಮುಚ್ಚಿದ್ದೇವೆ ಅಂತ ಅವರು ಹೊರಗೆ ಹೇಳಿದಾಗ ಅದು ಕಳ್ಳರ ಕಿವಿಗೂ ಬೀಳುತ್ತೆ. ಅಪ್‌ಡೇಟ್ ಹಾಕಿಕೊಂಡವರ ಬೇಲಿ ಭದ್ರ. ಹಾಕಿಕೊಳ್ಳದವರ ಬೇಲಿಯಲ್ಲಿ ಕಂಡಿ ಎಲ್ಲಿದೆ ಅಂತ ಊರಿಗೆಲ್ಲಾ ಡಂಗುರ ಹೊಡೆದ ಹಾಗೆ.

ಎರಡನೇ ಕಾರಣ, ಹಳೇ ಬ್ರೌಸರ್‌ಗಳಿಗೆ ಕೈಮರ ಕಾಯುವ ಕಾವಲುಗಾರ ಸರಿಯಾಗಿ ಇರಲಿಲ್ಲ. ಬೇರೆ ತಂತ್ರಾಂಶ ಬಂದು ಸೆಟ್ಟಿಂಗ್ ತಿದ್ದಿದರೂ ಸುಮ್ಮನಿರುತ್ತಿದ್ದವು. ಆಮೇಲಾಮೇಲೆ ಕಾವಲು ಬಿಗಿಯಾಯಿತು. 2014ರಲ್ಲಿ ಕ್ರೋಮ್, ವಿಂಡೋಸ್ ಕಂಪ್ಯೂಟರಿನಲ್ಲಿ ತನ್ನ ಅಂಗಡಿಯಿಂದ ಬಂದ ಎಕ್ಸ್‌ಟೆನ್ಶನ್ ಮಾತ್ರ ಹಾಕಬೇಕು ಅಂತ ನಿಯಮ ಮಾಡಿತು. (ಎಕ್ಸ್‌ಟೆನ್ಶನ್ ಅಂದ್ರೆ ಬ್ರೌಸರಿಗೆ ಸೇರಿಸುವ ಸಣ್ಣ ತಂತ್ರಾಂಶ.) 2016ರಲ್ಲಿ ಬಂದ ಫೈರ್‌ಫಾಕ್ಸ್ 48ರಿಂದ ಮೊಜಿಲ್ಲಾದ ಮೊಹರು ಇಲ್ಲದ ಎಕ್ಸ್‌ಟೆನ್ಶನ್ ಹಾಕಲು ಸಾಮಾನ್ಯ ಬಳಕೆದಾರರಿಗೆ ಆಗುವುದಿಲ್ಲ. ನಮ್ಮ ಮನೆಯದು 2015ರದು. ಆಮೇಲೆ ಬಂದ ಕಾವಲು ಅದಕ್ಕೆ ಸಿಕ್ಕಿಯೇ ಇರಲಿಲ್ಲ.

ಮೂರನೆಯದು, ಕಂಪ್ಯೂಟರೇ ಹಳೆಯದಾದರೆ ಹೊಸ ಬ್ರೌಸರ್ ಬರುವುದೂ ನಿಲ್ಲುತ್ತೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. ಅದರಲ್ಲಿ ನಡೆಯುವ ಕೊನೆಯ ಕ್ರೋಮ್ 109ನೆಯದು, ಅದು 2023ರಲ್ಲಿ ಬಂದದ್ದು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಇದು ನಮ್ಮ ಮನೆಯ ಕಥೆ ಮಾತ್ರವಲ್ಲ

2003ರಲ್ಲೇ ಕೂಲ್‌ವೆಬ್‌ಸರ್ಚ್ ಎಂಬ ಹೈಜಾಕರ್ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರಿನ ಕಂಡಿಗಳಿಂದ ನುಗ್ಗಿ ಮೊದಲ ಪುಟ, ಹುಡುಕು ಪುಟ ಎರಡನ್ನೂ ಬದಲಾಯಿಸುತ್ತಿತ್ತು. ಅದನ್ನು ಕಿತ್ತು ಹಾಕುವ ತಂತ್ರಾಂಶ ಬರೆದು ಪುಕ್ಕಟೆ ಹಂಚಿದವನು ನೆದರ್‌ಲ್ಯಾಂಡ್ಸ್ ದೇಶದ ಒಬ್ಬ ವಿದ್ಯಾರ್ಥಿ! ಇದನ್ನು ಓದಿದಾಗ ನನಗೆ ಬಹಳ ಖುಷಿಯಾಯಿತು.

2017ರ ಜೂನ್‌ನಲ್ಲಿ ಚೆಕ್ ಪಾಯಿಂಟ್ ಎಂಬ ಭದ್ರತಾ ಕಂಪನಿ ಫೈರ್‌ಬಾಲ್ ಎಂಬ ಹೈಜಾಕರ್ ಬಗ್ಗೆ ವರದಿ ಮಾಡಿತು. ಅದೂ ಪುಕ್ಕಟೆ ತಂತ್ರಾಂಶದ ಜೊತೆ ಸೇರಿಕೊಂಡೇ ಬರುತ್ತಿತ್ತು. ಪ್ರಪಂಚದಲ್ಲಿ 25 ಕೋಟಿ ಕಂಪ್ಯೂಟರಿಗೆ ತಗುಲಿದೆ, ಎಲ್ಲಕ್ಕಿಂತ ಹೆಚ್ಚು ಭಾರತದಲ್ಲಿ, 2 ಕೋಟಿ 53 ಲಕ್ಷ, ಅಂತ ಅವರ ಅಂದಾಜು. ಅಷ್ಟೊಂದು ಇಲ್ಲ, ಲೆಕ್ಕ ಹೆಚ್ಚಾಯ್ತು ಅಂತ ಮೈಕ್ರೋಸಾಫ್ಟ್ ಹೇಳಿತು. ಲೆಕ್ಕ ಯಾವುದೇ ಆಗಲಿ, ನೆಕ್ಸ್ಟ್ ಒತ್ತುವವಳು ನಾನೊಬ್ಬಳೇ ಅಲ್ಲ ಅಂತಾಯ್ತು.

ಸರಿ ಮಾಡುವುದು ಹೇಗೆ?

ಮೇಷ್ಟ್ರು ಮಾಡಿದ್ದನ್ನು ಕ್ರಮವಾಗಿ ಬರೆದುಕೊಂಡಿದ್ದೇನೆ. ದೊಡ್ಡವರು ಜೊತೆಯಲ್ಲಿ ಇದ್ದಾಗಲೇ ಮಾಡಿ.

1. ಕಂಟ್ರೋಲ್ ಪ್ಯಾನೆಲ್‌ನಲ್ಲಿ ತಂತ್ರಾಂಶಗಳ ಪಟ್ಟಿ ತೆರೆದು, ಹಾಕಿದ ತಾರೀಖಿನ ಪ್ರಕಾರ ಜೋಡಿಸಿ. ತೊಂದರೆ ಶುರುವಾದ ದಿನ ಬಂದ ಗೊತ್ತಿಲ್ಲದ ತಂತ್ರಾಂಶ ತೆಗೆಯಿರಿ. ನಮ್ಮಲ್ಲಿ ಆಟದ ಜೊತೆ ಇನ್ನೂ ಎರಡು ಇದ್ದವು.

2. ಬ್ರೌಸರಿನಲ್ಲಿ ಎಕ್ಸ್‌ಟೆನ್ಶನ್ ಪಟ್ಟಿ ನೋಡಿ. ನಾವು ಹಾಕದೇ ಇರುವುದನ್ನು ತೆಗೆಯಿರಿ.

3. ಸೆಟ್ಟಿಂಗ್ಸ್‌ಗೆ ಹೋಗಿ ಸರ್ಚ್ ಎಂಜಿನ್ ಮತ್ತು ಮೊದಲ ಪುಟ ಎರಡನ್ನೂ ನಮಗೆ ಬೇಕಾದ್ದಕ್ಕೆ ಬದಲಿಸಿ. ಕಳ್ಳನ ಹೆಸರು ಪಟ್ಟಿಯಲ್ಲಿದ್ದರೆ ಅಳಿಸಿ.

4. ಇಷ್ಟಾದರೂ ಮತ್ತೆ ಅದೇ ಪುಟ ಬಂದರೆ, ಪರದೆಯ ಮೇಲಿನ ಬ್ರೌಸರ್ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ನೋಡಿ. ಟಾರ್ಗೆಟ್ ಎಂಬ ಸಾಲಿನ ಕೊನೆಯಲ್ಲಿ ಯಾವುದಾದರೂ ವೆಬ್ ವಿಳಾಸ ಅಂಟಿಸಿದ್ದರೆ ಅದನ್ನಷ್ಟೇ ಅಳಿಸಿ. ನಮ್ಮ ಮನೆಯಲ್ಲಿ ಕಳ್ಳ ಅಡಗಿದ್ದದ್ದು ಇಲ್ಲೇ!

5. ಬ್ರೌಸರಿನ ರಿಸೆಟ್ ಗುಂಡಿ ಬಳಸಿ. ಕ್ರೋಮ್‌ನಲ್ಲಿ ಹೀಗೆ ಮಾಡಿದರೆ ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್ ಅಳಿಯುವುದಿಲ್ಲ.

6. ವೈರಸ್ ತಪಾಸಣೆ ಮಾಡಿ, ಕೊನೆಗೆ ಬ್ರೌಸರ್ ಅಪ್‌ಡೇಟ್ ಮಾಡಿ. ಇದನ್ನು ಬಿಟ್ಟರೆ ಹೊಲದೊಳಗಿನ ಮೇಕೆ ಓಡಿಸಿ ಕಂಡಿ ಹಾಗೇ ಬಿಟ್ಟಂತೆ.

ನಮ್ಮ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕುವಷ್ಟು ಶಕ್ತಿ ಇರಲಿಲ್ಲ. ಮೇಷ್ಟ್ರು ಲಿನಕ್ಸ್ ಹಾಕಿಕೊಟ್ಟರು. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಹೊಸ ಫೈರ್‌ಫಾಕ್ಸ್ ಅದರಲ್ಲಿ ಚೆನ್ನಾಗಿ ನಡೆಯುತ್ತಿದೆ, ಕನ್ನಡವೂ ಬರುತ್ತೆ.

ಫೋನ್ ಇರುವವರು ನಮಗೇನೂ ಆಗಲ್ಲ ಅಂದುಕೊಳ್ಳಬೇಡಿ. ಆಂಡ್ರಾಯ್ಡ್ ಫೋನಿನಲ್ಲೂ ಬ್ರೌಸರ್ ಅಪ್‌ಡೇಟ್ ಮಾಡಬೇಕು. ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ಆಪ್ ಹಾಕಿಕೊಳ್ಳಬಾರದು.

ನೆನಪಿಡಬೇಕಾದ ನಾಲ್ಕು ಮಾತು

ಒಂದು, ಓದದೆ ನೆಕ್ಸ್ಟ್ ಒತ್ತಬೇಡಿ. ಅರ್ಥ ಆಗದಿದ್ದರೆ ಕೇಳಿ.

ಎರಡು, ಹುಡುಕಿದ ಮೇಲೆ ಮೇಲಿನ ವಿಳಾಸದ ಪಟ್ಟಿ ನೋಡಿ. ನೀವು ಇಟ್ಟುಕೊಂಡ ಸರ್ಚ್ ಎಂಜಿನ್ ಹೆಸರೇ ಅಲ್ಲಿದೆಯಾ?

ಮೂರು, ಗ್ಯಾಸ್, ಬ್ಯಾಂಕ್, ಕರೆಂಟ್ ಇವುಗಳ ಫೋನ್ ನಂಬರನ್ನು ಹುಡುಕಿ ತೆಗೆಯಬೇಡಿ. ಗ್ಯಾಸ್ ಪುಸ್ತಕ, ಪಾಸ್‌ಬುಕ್, ಬಿಲ್ಲು ಇವುಗಳ ಮೇಲೆ ಇರುತ್ತೆ. ಒಳ್ಳೆಯ ಸರ್ಚ್ ಎಂಜಿನ್‌ನಲ್ಲೂ ಕೆಲವು ಸಲ ಸುಳ್ಳು ನಂಬರ್ ನುಸುಳುತ್ತೆ. ನಮ್ಮ ಗ್ಯಾಸ್ ಪುಸ್ತಕ ಕ್ಯಾಲೆಂಡರಿನ ಪಕ್ಕದ ಮೊಳೆಗೇ ನೇತುಹಾಕಿತ್ತು.

ನಾಲ್ಕು, ಒಟಿಪಿ ಯಾರಿಗೂ ಹೇಳಬೇಡಿ. ಹೇಳಿ ದುಡ್ಡು ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ಇದು ಸೈಬರ್ ವಂಚನೆಯ ದೂರು ಕೊಡುವ ರಾಷ್ಟ್ರೀಯ ಸಹಾಯವಾಣಿ. ಬೇಗ ಮಾಡಿದಷ್ಟೂ ದುಡ್ಡು ತಡೆಹಿಡಿಯುವ ಅವಕಾಶ ಹೆಚ್ಚು. ನಮಗೆ ಈ ನಂಬರ್ ಗೊತ್ತಾದದ್ದು ಮೂರು ದಿನ ಆದಮೇಲೆ. ದೂರು ಕೊಟ್ಟಿದ್ದೇವೆ, ದುಡ್ಡು ಬಂದಿಲ್ಲ.

ಮುಗಿಸುವ ಮುಂಚೆ

ಅವತ್ತು ಮೇಷ್ಟ್ರ ಎದುರಿಗೇ ಅಪ್ಪನಿಗೆ ನಿಜ ಹೇಳಿದೆ. ಹೊಡೀತಾರೆ ಅಂದುಕೊಂಡಿದ್ದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಟ ಹಾಕ್ಕೊಂಡಿದ್ದು ತಪ್ಪಲ್ಲ ಮಗಾ. ನಾನು ಅವತ್ತು ಕೇಳಿದಾಗ ಹೇಳಿದ್ರೆ ಆ ಪುಟಾನ ನಂಬ್ತಿರಲಿಲ್ಲ" ಅಂದರು. ಆ ಮಾತು ಹೊಡೆತಕ್ಕಿಂತ ಜೋರಾಗಿ ತಗುಲಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತ ಗಾದೆ ಇದೆ. ನಮ್ಮ ಕೋಟೆ ಸೂರೆ ಹೋಯ್ತು. ನಿಮ್ಮದು ಇನ್ನೂ ಹೋಗಿಲ್ಲ.

ಆದ್ದರಿಂದ ಗೆಳೆಯರೇ, ನಿಮ್ಮ ಮನೆಯಲ್ಲಿ ಹುಡುಕು ಪುಟ ತಾನಾಗಿ ಬದಲಾಗಿದ್ದರೆ ಮುಚ್ಚಿಡಬೇಡಿ, ಮನೆಯವರಿಗೆ ಅವತ್ತೇ ಹೇಳಿ. ನಮ್ಮ ಶಾಲೆಯ ಎರಡು ಕಂಪ್ಯೂಟರನ್ನೂ ಬರುವ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಪರೀಕ್ಷೆ ಮಾಡಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಆಸೆ ಇರುವವರು ಬನ್ನಿ. ಆ ಆರು ಅಂಶಗಳನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡು ಬನ್ನಿ. ಈ ಲೇಖನದಲ್ಲಿ ತಪ್ಪಿದ್ದರೆ ಗುರುಗಳು ಕೆಂಪು ಶಾಯಿಯಲ್ಲಿ ತಿದ್ದಬೇಕಾಗಿ ವಿನಂತಿ.

ಇಂತಿ ನಿಮ್ಮ ಸಹಪಾಠಿ,
7ನೇ ತರಗತಿ, ಕನ್ನಡ ಮಾಧ್ಯಮ