ನಾಲ್ಕು ಸ್ವರಗಳ ಗತ್ತು

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಮನೆಯ ಅಟ್ಟದಿಂದ ಹಳೆಯ ಗಿಟಾರೊಂದು ಕೆಳಗಿಳಿಯಿತು. ಅದನ್ನು ಅಟ್ಟಕ್ಕೆ ಏರಿಸಿದವನು ನಾನೇ. ಇಪ್ಪತ್ತೈದು ವರ್ಷಗಳ ಹಿಂದೆ, ಕಾಲೇಜಿಗೆ ಹೋಗುತ್ತಿದ್ದ ನನ್ನ ಮಗ ಅದರ ಮೇಲೆ ಒಂದೇ ಸ್ವರಗುಚ್ಛವನ್ನು ಬೆಳಗಿನಿಂದ ಬೈಗಿನವರೆಗೆ ನುಡಿಸುತ್ತಿದ್ದ. ಪಕ್ಕದ ಕೋಣೆಯಲ್ಲಿ ಪಂಪನ ಪಾಠಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ನಾನು ಒಂದು ದಿನ ತಾಳ್ಮೆಗೆಟ್ಟು, ‘ನಾಲ್ಕು ಸ್ವರ ಕಲಿತು ನಲವತ್ತು ದಿನ ಬಾರಿಸುವುದು ಸಂಗೀತವಲ್ಲ, ಉಪದ್ರವ’ ಎಂದುಬಿಟ್ಟೆ. ಅವನು ಎದುರಾಡಲಿಲ್ಲ. ಗಿಟಾರನ್ನು ಮತ್ತೆ ಮುಟ್ಟಲೂ ಇಲ್ಲ. ಈಗ ಹದಿಮೂರರ ಮೊಮ್ಮಗ ಅದರ ಧೂಳು ಒರೆಸಿ, ಹೊಸ ತಂತಿ ಕಟ್ಟಿಸಿ, ಮೂರನೆಯ ದಿನಕ್ಕೇ ನುಡಿಸತೊಡಗಿದ್ದು ಅದೇ ಸ್ವರಗುಚ್ಛವನ್ನು! ನಾನು ಹಳೆಯ ಟೀಕೆಯನ್ನೇ ಸ್ವಲ್ಪ ಮೆತ್ತಗೆ ಮಾಡಿ ಹೇಳಿದೆ. ಹುಡುಗ ನಕ್ಕು, ‘ನಾಲ್ಕೇ ಸ್ವರ ತಾನೇ ತಾತ? ನೀವೂ ಒಂದು ಮಾಡಿ ನೋಡಿ’ ಎಂದ.

ಮಾಡಿ ನೋಡಿದೆ. ನಮ್ಮ ತಂದೆಯವರ ಕಾಲದ ಹಾರ್ಮೋನಿಯಂ ಮುಂದೆ ಎರಡು ವಾರ ಕುಳಿತೆ. ಅಲ್ಲಿ ನಾನು ಕಲಿತದ್ದನ್ನೇ ಇಲ್ಲಿ ಹೇಳಹೊರಟಿದ್ದೇನೆ.

ರಾಕ್ ಸಂಗೀತದಲ್ಲಿ ಇಂಥ ಸ್ವರಗುಚ್ಛವನ್ನು ‘ರಿಫ್’ ಎನ್ನುತ್ತಾರೆ. ನಮ್ಮ ಪಲ್ಲವಿಯಂತೆ ಅದು ಮರಳಿ ಮರಳಿ ಬರುತ್ತದೆ. ಆದರೆ ಪಲ್ಲವಿಗೆ ಮಾತಿದೆ, ರಿಫ್ಪಿಗೆ ಮಾತಿಲ್ಲ. ಹಾಡುಗಾರ ಬರುವ ಮೊದಲೇ ಬಂದು ನೆಲ ಹಿಡಿದು ಕೂರುವುದು ಅದರ ಸ್ವಭಾವ. ಇದರ ಬೇರು ಅಮೆರಿಕದ ಕರಿಯ ಜನರ ಬ್ಲೂಸ್ ಮತ್ತು ಜಾಝ್ ಸಂಗೀತದಲ್ಲಿದೆ. ೧೯೫೪ರಲ್ಲಿ ಮಡ್ಡಿ ವಾಟರ್ಸ್ ಹಾಡಿದ, ವಿಲ್ಲಿ ಡಿಕ್ಸನ್ ರಚಿಸಿದ ‘ಹೂಚಿ ಕೂಚಿ ಮ್ಯಾನ್’ ಗೀತೆಯಲ್ಲಿ ವಾದ್ಯಗಳೆಲ್ಲ ಒಂದು ಚಿಕ್ಕ ನುಡಿಯನ್ನು ನುಡಿದು ಥಟ್ಟನೆ ನಿಲ್ಲುತ್ತವೆ. ಆ ಮೌನದೊಳಗೆ ಹಾಡುಗಾರ ಮಾತನಾಡುತ್ತಾನೆ. ಇಂಗ್ಲೆಂಡಿನ ಹುಡುಗರು ಇಂಥ ಧ್ವನಿಮುದ್ರಿಕೆಗಳನ್ನು ಕೇಳಿಯೇ ಬೆಳೆದರು. ‘ರೋಲಿಂಗ್ ಸ್ಟೋನ್ಸ್’ ಎಂಬ ತಂಡದ ಹೆಸರೇ ಮಡ್ಡಿ ವಾಟರ್ಸನ ಒಂದು ಹಾಡಿನಿಂದ ಬಂದದ್ದು.

ನಮ್ಮ ಮನೆಯಲ್ಲಿ ಎರಡು ತಲೆಮಾರನ್ನು ಹಿಡಿದ ರಿಫ್ ‘ಡೀಪ್ ಪರ್ಪಲ್’ ಎಂಬ ಇಂಗ್ಲಿಷ್ ತಂಡದ ‘ಸ್ಮೋಕ್ ಆನ್ ದಿ ವಾಟರ್’ ಗೀತೆಯದು. ೧೯೭೧ರ ಡಿಸೆಂಬರಿನಲ್ಲಿ ಈ ತಂಡ ಸ್ವಿಟ್ಸರ್ಲೆಂಡಿನ ಮಾಂಟ್ರೋ ಎಂಬ ಸರೋವರದ ದಡದ ಊರಿಗೆ, ಅಲ್ಲಿನ ಕ್ಯಾಸಿನೋ ಕಟ್ಟಡದಲ್ಲಿ ಧ್ವನಿಮುದ್ರಣ ಮಾಡಲೆಂದು ಬಂದಿತ್ತು. ಡಿಸೆಂಬರ್ ೪ರಂದು ಅಲ್ಲಿ ಫ್ರಾಂಕ್ ಜಾಪಾನ ಕಛೇರಿ ನಡೆಯುತ್ತಿದ್ದಾಗ ಪ್ರೇಕ್ಷಕನೊಬ್ಬ ಬಾಣಬಿರುಸಿನ ಪಿಸ್ತೂಲನ್ನು ಚಾವಣಿಯತ್ತ ಹಾರಿಸಿದ. ಕಟ್ಟಡವೆಲ್ಲ ಉರಿದುಹೋಯಿತು; ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಜಿನೀವಾ ಸರೋವರದ ನೀರಿನ ಮೇಲೆ ಹೊಗೆ ಹಬ್ಬಿದ ಆ ದೃಶ್ಯವೇ ಮುಂದೆ ಹಾಡಿನ ವಸ್ತುವಾಯಿತು. ತಂಡದವರು ಊರಿನ ಬೇರೊಂದು ಸಭಾಂಗಣಕ್ಕೆ ಹೋಗಿ ರಾತ್ರಿ ನುಡಿಸಲಾರಂಭಿಸಿದರೆ ನೆರೆಹೊರೆಯವರ ದೂರಿನ ಮೇಲೆ ಪೊಲೀಸರು ಬಂದರು. ತಂಡದ ಸಹಾಯಕರು ಬಾಗಿಲನ್ನು ಒತ್ತಿ ಹಿಡಿದುಕೊಂಡಿದ್ದಾಗಲೇ ಒಳಗೆ ಈ ರಿಫ್ ಮುದ್ರಿತವಾಯಿತಂತೆ. ಉಪದ್ರವವೆಂದು ದೂರಿದವರಲ್ಲಿ ನಾನೇ ಮೊದಲಿಗನಲ್ಲ ಎಂದು ತಿಳಿದು ನನಗೆ ತುಸು ಸಮಾಧಾನವಾಯಿತು.

ಆಗ ಇದಕ್ಕೆ ಮಾತೇ ಇರಲಿಲ್ಲ, ಬರಿಯ ವಾದ್ಯ. ತಂಡದವರೂ ಇದನ್ನು ದೊಡ್ಡದೆಂದು ತಿಳಿಯಲಿಲ್ಲ. ೧೯೭೨ರಲ್ಲಿ ‘ಮೆಷಿನ್ ಹೆಡ್’ ಎಂಬ ಧ್ವನಿಮುದ್ರಿಕೆ ಹೊರಬಂದಾಗ ಪ್ರಚಾರಕ್ಕೆಂದು ಮುಂದಿಟ್ಟದ್ದು ಬೇರೆ ಹಾಡನ್ನು. ಇದು ಬಿಡಿಯಾಗಿ ಬಂದದ್ದು ೧೯೭೩ರಲ್ಲಿ.

ಈಗ ಸ್ವರಗಳನ್ನು ನೋಡೋಣ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪ್ರತಿ ಮಧ್ಯಮ. ಅಷ್ಟೆ. ಸ ಗ ಮ, ಸ ಗ, ಪ್ರತಿ ಮಧ್ಯಮ, ಮ, ಸ ಗ ಮ, ಗ ಸ. ಒಟ್ಟು ಹನ್ನೆರಡು ಮೀಟು. ನಮ್ಮ ಜನಪದ ಗೀತೆಯ ಸೊಲ್ಲಿನಂತೆ ನಾಲ್ಕು ಪುಟ್ಟ ಪಾದಗಳು. ಮೊದಲ ಪಾದ ಮೇಲೇರಿ ಮಧ್ಯಮದಲ್ಲಿ ನಿಂತು ಒಂದು ಪ್ರಶ್ನೆ ಕೇಳುತ್ತದೆ. ಎರಡನೆಯದು ಅದೇ ಪ್ರಶ್ನೆಯನ್ನು ಇನ್ನೊಂದು ಮೆಟ್ಟಿಲು ಮೇಲೆ ಹತ್ತಿ ಕೇಳಿ, ಕಾಲು ಸುಟ್ಟವರಂತೆ ಹಿಂದೆ ಸರಿಯುತ್ತದೆ. ಮೂರನೆಯದು ಮೊದಲನೆಯದರ ಪುನರುಕ್ತಿ. ನಾಲ್ಕನೆಯದು ಎರಡೇ ಹೆಜ್ಜೆಯಲ್ಲಿ ಮನೆ ಸೇರುತ್ತದೆ.

ಹಾರ್ಮೋನಿಯಂ ಮೇಲೆ ನಾನು ಮಾಡಿದ್ದು ಹಳಗನ್ನಡದ ಪಾಠಾಂತರ ಪರಿಶೀಲನೆಯಂಥ ಕೆಲಸ. ಒಂದು ಪದವನ್ನು ತೆಗೆದು ಇನ್ನೊಂದನ್ನು ಇಟ್ಟು, ಪದ್ಯ ಉಳಿಯುತ್ತದೆಯೇ ನೋಡುವುದು. ಪ್ರತಿ ಮಧ್ಯಮವನ್ನು ತೆಗೆದೆ: ಉಳಿದದ್ದು ಮಕ್ಕಳ ಪದ. ಇಡೀ ರಿಫ್ಪಿನಲ್ಲಿ ಆ ಸ್ವರ ಒಂದೇ ಒಂದು ಬಾರಿ, ಕ್ಷಣಮಾತ್ರ ಬರುತ್ತದೆ. ಆದರೆ ಅದರ ಅಪಾಯವೇ ಉಳಿದ ಹನ್ನೊಂದು ಮೀಟುಗಳಿಗೆ ಬಿಗಿ ಕೊಡುತ್ತದೆ. ಅದರ ಬದಲು ಪಂಚಮವನ್ನಿಟ್ಟೆ: ಬಿಗಿಯೆಲ್ಲ ಸಡಿಲಿತು, ಏಕೆಂದರೆ ಪಂಚಮ ತಂಗುದಾಣ, ಅಲ್ಲಿ ಕುಳಿತವನಿಗೆ ಹಿಂದಿರುಗುವ ಆತುರವಿಲ್ಲ. ಪ್ರತಿ ಮಧ್ಯಮವನ್ನು ಎರಡು ಬಾರಿ ಬಳಸಿದೆ: ಗುಟ್ಟು ರಟ್ಟಾಯಿತು. ಮೂರನೆಯ ಪಾದದ ಪುನರುಕ್ತಿ ನನಗೆ ದಂಡವೆನಿಸಿ ಅದನ್ನು ಕೈಬಿಟ್ಟೆ. ಆಗ ಕೊನೆಯ ಎರಡು ಸ್ವರಗಳು ಮನೆಗೆ ಬಂದಂತೆ ಆಗದೆ ಎಡವಿ ಬಿದ್ದಂತಾದವು. ಎರಡು ವಾರದಲ್ಲಿ ನಾನು ಸ್ವಂತವಾಗಿ ಕಟ್ಟಿದ ನಾಲ್ಕು ಸ್ವರದ ರಿಫ್ಪುಗಳು ಇಪ್ಪತ್ತಾದರೂ ಇರಬಹುದು. ಮಾರನೆಯ ಬೆಳಿಗ್ಗೆ ನನಗೇ ನೆನಪಿರುತ್ತಿರಲಿಲ್ಲ.

ಆದರೆ ಸ್ವರಗಳ ಆಯ್ಕೆ ಅರ್ಧ ಮಾತ್ರ. ಇನ್ನರ್ಧ ಕಾಲದಲ್ಲಿದೆ, ಅದನ್ನು ನಾನು ಬಹಳ ತಡವಾಗಿ ಗಮನಿಸಿದೆ. ನಾಲ್ಕು ನಾಲ್ಕು ಎಣಿಕೆಯ ನಾಲ್ಕು ಆವರ್ತ. ಮೊದಲ ಮೂರು ಸ್ವರಗಳು ಎಣಿಕೆಯ ಮೇಲೆಯೇ, ಒಂದು, ಎರಡು, ಮೂರು ಎಂದು ಶಿಸ್ತಿನಿಂದ ಬೀಳುತ್ತವೆ. ಕೇಳುವವನ ಕಾಲು ನಂಬಿ ತಾಳ ಹಾಕತೊಡಗುತ್ತದೆ. ಆಗ ಎರಡನೆಯ ಪಾದದ ಷಡ್ಜ ಸಮಕ್ಕೆ ಕಾಯದೆ ಅರ್ಧ ಎಣಿಕೆ ಮುಂಚೆಯೇ ಬಂದುಬಿಡುತ್ತದೆ. ಸಮದ ಮೇಲೆ ಹೊಸ ಮೀಟಿಲ್ಲ. ನಾವು ಕಾಲಿಟ್ಟಲ್ಲಿ ಮೆಟ್ಟಿಲಿಲ್ಲದಂತೆ! ಛಂದಸ್ಸು ಓದಿದವರಿಗೆ ಇದು ಹೊಸದಲ್ಲ: ಪದ ಗಣದ ಗಡಿಯನ್ನು ದಾಟಿ ಚಾಚಿದಾಗ ಪದ್ಯಕ್ಕೆ ಬರುವ ಓಟ ನಮಗೆ ಗೊತ್ತು. ನಾನು ಎಲ್ಲವನ್ನೂ ಎಣಿಕೆಯ ಮೇಲೆ ಕೂರಿಸಿ ನುಡಿಸಿದಾಗ ಅದು ಕವಾಯತಾಗಿತ್ತು. ಮೊಮ್ಮಗ ತಡೆಯಲಾರದೆ, ‘ತಾತ, ನೀವು ಕಾಯ್ತೀರಿ, ಅದು ಕಾಯಲ್ಲ’ ಎಂದ.

ಮೂರನೆಯ ಸಂಗತಿ ನಾದದ ಗುಣ. ರಿಚಿ ಬ್ಲ್ಯಾಕ್‌ಮೋರ್ ಎಂಬ ವಾದಕ ಇಲ್ಲಿ ಪ್ರತಿ ಸ್ವರವನ್ನೂ ಒಂಟಿಯಾಗಿ ನುಡಿಸುವುದಿಲ್ಲ. ಅದರ ಕೆಳಗಿನ ಚತುರ್ಥವನ್ನು, ಎಂದರೆ ಷಡ್ಜಕ್ಕೆ ಮಂದ್ರ ಪಂಚಮವನ್ನು ಜೊತೆ ಸೇರಿಸುತ್ತಾನೆ. ತಂಬೂರಿಯ ಪಂಚಮದ ತಂತಿಗೂ ಸಾರಣಿಗೂ ಇರುವ ಅಂತರವೇ ಇದು. ತಂಬೂರಿಯ ಪಂಚಮ ನಿಂತಲ್ಲೇ ನಿಂತಿರುತ್ತದೆ, ಇಲ್ಲಿ ಜೊತೆಗಾರನೂ ಹೆಜ್ಜೆಹೆಜ್ಜೆಗೆ ನಡೆಯುತ್ತಾನೆ, ಅಷ್ಟೇ ವ್ಯತ್ಯಾಸ. ಪಿಕ್ ಎಂಬ ಚಿಪ್ಪಿನಿಂದ ಮೀಟಿದರೆ ಎರಡು ತಂತಿಗಳು ಕೂದಲೆಳೆಯಷ್ಟು ಹಿಂದುಮುಂದಾಗಿ ನುಡಿಯುತ್ತವೆ. ಅವನು ಬೆರಳುಗಳಿಂದ ಎರಡನ್ನೂ ಒಮ್ಮೆಗೇ ಸೆಳೆಯುತ್ತಾನೆ.

ಚತುರ್ಥವೇ ಏಕೆ? ವಿದ್ಯುತ್ ಗಿಟಾರಿನ ಧ್ವನಿವರ್ಧಕವನ್ನು ಅದರ ಶಕ್ತಿ ಮೀರಿ ದುಡಿಸಿದಾಗ ನಾದ ಒರಟಾಗುತ್ತದೆ, ಹೊಸ ನಾದಗಳು ಹುಟ್ಟುತ್ತವೆ. ಸೆಕೆಂಡಿಗೆ ೩೦೦ ಮತ್ತು ೪೦೦ ಕಂಪನಗಳ ಎರಡು ಸ್ವರಗಳನ್ನು ಅದರೊಳಗೆ ಕಳಿಸಿದರೆ ಅವುಗಳ ಅಂತರವಾದ ೧೦೦ ಕಂಪನದ ಮೂರನೆಯ ನಾದವೂ ಕೇಳಿಬರುತ್ತದೆ. ೪೦೦ರ ಅರ್ಧ ೨೦೦, ಅದರ ಅರ್ಧ ೧೦೦: ಎಂದರೆ ಮೇಲಿನ ಸ್ವರವೇ ಎರಡು ಸ್ಥಾಯಿ ಕೆಳಗೆ ಗುಡುಗುತ್ತದೆ. ನುಡಿಸಿದವು ಎರಡು, ಕೇಳಿದವು ಮೂರು. ೫೦೦, ೬೦೦ರ ಜೋಡಿಯನ್ನು ಕಳಿಸಿದರೂ ಅಂತರ ೧೦೦ ಸರಿ. ಆದರೆ ಅದು ಆ ಎರಡರಲ್ಲಿ ಯಾವುದರ ಸ್ಥಾಯಿಯೂ ಅಲ್ಲ, ನಂಟಿಲ್ಲದ ಅತಿಥಿ, ನಾದ ಕದಡುತ್ತದೆ. ಹೀಗೆ ಒರಟು ನಾದವನ್ನು ಆರಿಸಿಕೊಂಡವನು ಸರಳ ಅಂತರಗಳನ್ನೇ ಆರಿಸಬೇಕಾಗುತ್ತದೆ. ರಾಕ್ ಸಂಗೀತದ ಸರಳತೆ ಬಡತನವೆಂದು ನಾನು ತಿಳಿದಿದ್ದೆ. ಅದು ಔಚಿತ್ಯ.

ವಾದ್ಯಗಳು ಒಂದೊಂದಾಗಿ ಬರುವ ಕ್ರಮವೂ ಸೊಗಸು. ಮೊದಲು ಗಿಟಾರು ಏಕಾಂಗಿ. ಬಳಿಕ ಡ್ರಮ್ಮಿನ ಕಂಚಿನ ತಟ್ಟೆಗಳ ಸದ್ದು, ಜೊತೆಗೆ ಜಾನ್ ಲಾರ್ಡ್ ನುಡಿಸುವ, ಗಿಟಾರಿನಷ್ಟೇ ಒರಟಾದ ಆರ್ಗನ್. ಆಮೇಲೆ ಪೂರ್ತಿ ಡ್ರಮ್ಮು. ಕೊನೆಗೆ ಬೇಸ್ ಗಿಟಾರು ಬಂದು ಬಹುಪಾಲು ಷಡ್ಜವನ್ನೇ ಬಿಡದೆ ಮಿಡಿಯತೊಡಗಿದಾಗ, ಅಲ್ಲಿಯವರೆಗೆ ಗೋಡೆ ಮಾತ್ರ ಇದ್ದ ಮನೆಗೆ ನೆಲ ಬಂದಂತಾಗುತ್ತದೆ.

ಇದೇ ಒಂದು ಸೂತ್ರವೆಂದು ಯಾರೂ ತಿಳಿಯಬಾರದು. ೧೯೬೫ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಒಂದು ರಾತ್ರಿ ಅರೆನಿದ್ದೆಯಲ್ಲಿ ಎದ್ದು ಟೇಪಿಗೆ ಏನನ್ನೋ ನುಡಿಸಿ ಮಲಗಿದ. ಬೆಳಿಗ್ಗೆ ಕೇಳಿದರೆ ಸ್ವಲ್ಪ ಗಿಟಾರು, ಮಿಕ್ಕಂತೆ ನಲವತ್ತು ನಿಮಿಷ ಗೊರಕೆ ಎಂದು ಅವನೇ ಹೇಳಿಕೊಂಡಿದ್ದಾನೆ. ‘ಸ್ಯಾಟಿಸ್ಫ್ಯಾಕ್ಷನ್’ ಗೀತೆಯ ರಿಫ್ ಹುಟ್ಟಿದ್ದು ಹಾಗೆ. ಅದರಲ್ಲಿ ಮೂರೇ ಸ್ವರ: ಪಂಚಮ, ಚತುಶ್ರುತಿ ಧೈವತ, ಕೈಶಿಕಿ ನಿಷಾದ. ಏರುತ್ತದೆ, ನಿಷಾದದಲ್ಲಿ ನಿಂತು ತಡಬಡಿಸುತ್ತದೆ, ಇಳಿಯುತ್ತದೆ. ಎದುರಿಗೇ ಇರುವ ತಾರ ಷಡ್ಜವನ್ನು ಮುಟ್ಟುವುದೇ ಇಲ್ಲ. ತೃಪ್ತಿ ಸಿಗಲಿಲ್ಲವೆಂದು ಮಾತು ಹೇಳುವ ಮುನ್ನವೇ ಸ್ವರ ಹೇಳಿ ಮುಗಿಸಿದೆ. ನಮ್ಮ ಆಲಂಕಾರಿಕರು ಧ್ವನಿ ಎಂದದ್ದು ಇನ್ನೇನನ್ನು? ರಿಚರ್ಡ್ಸನಿಗೆ ಮಾತ್ರ ಆ ಕರ್ಕಶ ಗಿಟಾರು, ಮುಂದೆ ತುತ್ತೂರಿಗಳು ನುಡಿಸಬೇಕಾದುದರ ಕರಡಾಗಿತ್ತು. ಉಳಿದವರು ಅದನ್ನೇ ಹೊರತಂದರು. ಅದೇ ವರ್ಷ ಓಟಿಸ್ ರೆಡ್ಡಿಂಗ್ ಎಂಬ ಗಾಯಕ ಅದನ್ನು ತುತ್ತೂರಿಗಳೊಡನೆ ಹಾಡಿದ. ಹಾಡುಗಾರಿಕೆ ಅದ್ಭುತ, ಆದರೂ ನನ್ನ ಕಿವಿಗೆ ಆ ತುತ್ತೂರಿಗಳು ತೃಪ್ತರ ಸದ್ದು.

ಹೊಸ ಕಾಲದ್ದೊಂದು ಹೇಳಿ ಮುಗಿಸುತ್ತೇನೆ. ೨೦೦೩ರಲ್ಲಿ ‘ವೈಟ್ ಸ್ಟ್ರೈಪ್ಸ್’ ಎಂಬ ಅಮೆರಿಕದ ಜೋಡಿಯ ‘ಸೆವೆನ್ ನೇಷನ್ ಆರ್ಮಿ’ ಬಂತು, ರಿಫ್ಪಿನಲ್ಲಿ ಏಳು ಮೀಟು. ಯುರೋಪಿನ ಫುಟ್‌ಬಾಲ್ ಪ್ರೇಕ್ಷಕರು ಅದನ್ನು ಎತ್ತಿಕೊಂಡರು. ೨೦೦೬ರ ವಿಶ್ವಕಪ್ಪಿನ ಹೊತ್ತಿಗೆ ಇಟಲಿಯ ಜನರೆಲ್ಲ ಅದನ್ನು ಹಾಡುತ್ತಿದ್ದರು. ಅವರು ಹಾಡುವುದು ಗೀತೆಯ ಮಾತನ್ನಲ್ಲ, ಗಿಟಾರಿನ ರಿಫ್ಪನ್ನು. ಶ್ರುತಿಯಿಲ್ಲದ ಸಾವಿರಾರು ಕಂಠಗಳಲ್ಲೂ ಗುರುತು ಕೆಡದೆ ಉಳಿಯುವುದು ಸಾಮಾನ್ಯವಲ್ಲ. ಕಚ್ಚಾ ಕೈಗಳಲ್ಲಿ ಕೆಡದಿರುವ ಗುಣ ಒಳ್ಳೆಯ ಗಾದೆಗೂ ಇದೆ.

ಕಳೆದ ತಿಂಗಳು ನನ್ನ ಮಗ ಬಂದಿದ್ದ. ಮೊಮ್ಮಗ ಗಿಟಾರನ್ನು ಅವನ ಕೈಗೆ ಕೊಟ್ಟ. ‘ಮರೆತುಹೋಗಿದೆ’ ಎಂದ. ನಾನು ಹಾರ್ಮೋನಿಯಂ ತಿದಿಯೊತ್ತಿ ಮೊದಲ ಮೂರು ಸ್ವರ ನುಡಿಸಿ, ನಾಲ್ಕನೆಯದಕ್ಕೆ ಎಂದಿನಂತೆ ಸಮಕ್ಕಾಗಿ ಕಾದೆ. ಅವನು ಅರ್ಧ ಎಣಿಕೆ ಮುಂಚೆಯೇ ಮೀಟಿದ್ದ.